ನೋಡಿದ್ದಕ್ಕೂ ಕೂಲಿಯೇ?

ಪ್ರಶ್ನೆ: ನಮ್ಮದು ಬದಿಯಡ್ಕದ ಸಮೀಪ ತಂದೆಯವರ ಕಾಲದ ಹಂಚಿನ ಮನೆ. ಮಾಡಿನ ಪಕ್ಕಾಸುಗಳಿಗೆ (ಹಂಚನ್ನು ಹೊರುವ ಓರೆ ಮರಗಳಿಗೆ) ಅಲ್ಲಲ್ಲಿ ಒರಲೆ ಹಿಡಿದಿದ್ದುದರಿಂದ ಮಳೆಗಾಲಕ್ಕೆ ಮೊದಲೇ ಸರಿಪಡಿಸೋಣವೆಂದು ಪರಿಚಯದವರು ಹೇಳಿದ ಆಚಾರಿಯವರೊಬ್ಬರನ್ನು ಕರೆಸಿದೆ. ಅವರು ಬೆಳಗ್ಗೆ ಒಂಬತ್ತಕ್ಕೆ ಬಂದು ಊಟದ ಹೊತ್ತಿನವರೆಗೂ ಅಟ್ಟ ಹತ್ತಿ ಇಳಿದು ಅಳತೆ ಮಾಡಿ, ಬೇಕಾಗುವ ಮರ, ರೀಪು, ಹಂಚು, ಮಜೂರಿ ಎಲ್ಲವನ್ನೂ ಎರಡು ಪುಟದಲ್ಲಿ ಬರೆದುಕೊಟ್ಟು, ಹೊರಡುವಾಗ 600 ರೂಪಾಯಿ ಕೇಳಿದರು. ಕೆಲಸವೇ ಆರಂಭವಾಗಿಲ್ಲವಲ್ಲ ಎಂದೆ. ಕೆಲಸ ನನಗೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇನೆ ಎಂದರು. ನಾನು ಕೊಡಲಿಲ್ಲ. ಅದೇ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿದಾಗ ಅವರು 9,000 ರೂಪಾಯಿ ಕಡಿಮೆಗೆ ಒಪ್ಪಿದರು, ಕೆಲಸವೂ ಮುಗಿಯಿತು. ಈಗ ಮೊದಲಿನವರು ಪೇಟೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಬರೇ ನೋಡಿದ್ದಕ್ಕೆ ಹಣ ಕೇಳುವುದು ಸರಕಾರವೇ ನಿಲ್ಲಿಸಿರುವ ನೋಕ್ಕುಕೂಲಿಯಲ್ಲವೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಲ್ಲ. ಮಲಯಾಳದ ಆ ಪದದಲ್ಲಿ ‘ನೋಟ’ ಇದೆ ಎಂಬ ಒಂದೇ ಕಾರಣಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಲಾರಿಯಿಂದ ಸಾಮಾನನ್ನು ಮಾಲೀಕನ ಆಳುಗಳೋ ಯಂತ್ರವೋ ಇಳಿಸುತ್ತಿರುವಾಗ, ಆ ಕೆಲಸ ತಮಗೆ ಸೇರಬೇಕಾದದ್ದೆಂದು ಹೇಳಿ, ಕೈ ಹಾಕದೆ ಪಕ್ಕದಲ್ಲಿ ನಿಂತವರು ವಸೂಲು ಮಾಡುವ ಹಣಕ್ಕೆ ನೋಕ್ಕುಕೂಲಿ ಎಂದು ಹೆಸರು. ಹೊರೆ ಕಾರ್ಮಿಕರ ಕೆಲಸ ಮತ್ತು ಕೂಲಿಯನ್ನು ಕ್ರಮಪಡಿಸಲು ಕೇರಳದಲ್ಲಿ 1978ರ ಕಾಯಿದೆಯೇ ಇದ್ದರೂ ಆ ವಸೂಲಿ ನಡೆದೇ ಇತ್ತು. ಸರಕಾರ 2018ರ ಮೇ 1ರಿಂದ ಅದನ್ನು ರದ್ದುಗೊಳಿಸಿತು. ಆ ಬಳಿಕ 2021ರಲ್ಲಿ ಹೈಕೋರ್ಟು ಮತ್ತೊಮ್ಮೆ ಕಟುವಾಗಿ ಮಾತಾಡಬೇಕಾಯಿತು ಎಂದರೆ ಆದೇಶ ಎಷ್ಟರ ಮಟ್ಟಿಗೆ ನಾಟಿತ್ತೆಂದು ನೀವೇ ಊಹಿಸಬಹುದು. ಅಲ್ಲಿ ಕರೆದವರೂ ಇಲ್ಲ, ಮಾಡಿದ ಕೆಲಸವೂ ಇಲ್ಲ. ನಿಮ್ಮ ಆಚಾರಿಯವರನ್ನಾದರೋ ಕರೆಸಿದವರು ನೀವೇ, ಮತ್ತು ಅವರು ಬರೆದುಕೊಟ್ಟ ಎರಡು ಪುಟಗಳನ್ನು ಹಿಡಿದುಕೊಂಡೇ ನಿಮ್ಮ ಮಾಡಿನ ಕೆಲಸ ಮುಗಿದಿದೆ.

ಆ ಎರಡು ಪುಟಗಳ ಹಿಂದೆ ಏನಿರುತ್ತದೆ ಎಂಬುದನ್ನು ಮೂವತ್ತು ವರ್ಷ ಅಂದಾಜುಪಟ್ಟಿಗಳನ್ನೇ ಬರೆದ ನಾನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮನೆಯ ಅಳತೆಯನ್ನು ನೀವು ತಿಳಿಸಿಲ್ಲವಾದ್ದರಿಂದ 40 ಅಡಿ ಉದ್ದ, 25 ಅಡಿ ಅಗಲದ ಮನೆಯೊಂದನ್ನು ಇಟ್ಟುಕೊಳ್ಳೋಣ. ನೆಲದ ಲೆಕ್ಕದಲ್ಲಿ ಅದು 1,000 ಚದರಡಿ. ಆದರೆ ನಮ್ಮ ಕಡೆಯ ಮಳೆಗೆ ಸುತ್ತಲೂ ಎರಡೂವರೆ ಅಡಿಯಾದರೂ ಮಾಡು ಹೊರಗೆ ಚಾಚಿರಬೇಕಾದ್ದರಿಂದ ಅಳತೆ 45ಕ್ಕೆ 30 ಆಗಿ 1,350 ಚದರಡಿಗೆ ಏರುತ್ತದೆ. ಅದಕ್ಕೆ ಇಳಿಜಾರು ಸೇರಬೇಕು. ಮಾಡು 30 ಡಿಗ್ರಿ ಓರೆಯಾಗಿದ್ದರೆ ನೂರಕ್ಕೆ ಹದಿನೈದರಷ್ಟು ಹೆಚ್ಚಾಗಿ, ಹಂಚು ಹೊದೆಸಬೇಕಾದ ಜಾಗ ಸುಮಾರು 1,560 ಚದರಡಿ ಆಗುತ್ತದೆ. ನೂರು ಚದರಡಿಗೆ ಸುಮಾರು 140 ಮಂಗಳೂರು ಹಂಚು ಎಂದು ಹಿಡಿದರೆ, ನೆಲ ನೋಡಿ ಹೇಳಿದವನ ಲೆಕ್ಕ 1,400 ಹಂಚು, ಮಾಡು ಅಳೆದವನ ಲೆಕ್ಕ 2,200 ಹಂಚು. ಮೇ ತಿಂಗಳ ಕೊನೆಯಲ್ಲಿ ಮಾಡು ಬಿಚ್ಚಿ ಹಾಕಿಕೊಂಡು ಎಂಟುನೂರು ಹಂಚಿಗಾಗಿ ಅಲೆಯುವ ಮನೆಯವರನ್ನು ನಾನು ಕಂಡಿದ್ದೇನೆ. ಅಗ್ಗದ ಅಂದಾಜಿನ ಬೆಲೆ ಆಗ ಗೊತ್ತಾಗುತ್ತದೆ.

ಇನ್ನು ಹಳೆಯ ಹಂಚಿನಲ್ಲಿ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚಿನಲ್ಲಿಯೂ ಸಣ್ಣ ವ್ಯತ್ಯಾಸವಿದೆ. ಒಂದರ ಹಂಚಿನ ಗಾಡಿಗೆ, ಅಂದರೆ ಅಂಚಿನ ತೋಡಿಗೆ, ಇನ್ನೊಂದರದು ಸರಿಯಾಗಿ ಕೂರದಿದ್ದರೆ ಸೋರುವುದು ಖಂಡಿತ. ಆದುದರಿಂದ ತಿಳಿದ ಆಚಾರಿ ಒಂದೆರಡು ಹಂಚನ್ನು ತೆಗೆದು ಹಿಂಬದಿಯ ಅಚ್ಚಿನ ಹೆಸರನ್ನು ಓದುತ್ತಾನೆ. ಪಕ್ಕಾಸುಗಳ ವಿಷಯವಂತೂ ಇನ್ನೂ ಸೂಕ್ಷ್ಮ. ಒರಲೆ ಹೊರಗಿನ ಮೈಯನ್ನು ಹಾಗೆಯೇ ಬಿಟ್ಟು ಒಳಗಿನ ತಿರುಳನ್ನು ತಿನ್ನುವುದರಿಂದ ಉಳಿಯ ಹಿಡಿಯಿಂದ ಒಂದೊಂದನ್ನೂ ತಟ್ಟಿ ಸದ್ದು ಕೇಳಬೇಕು. ಗೋಡೆಯ ಮೇಲೆ ಕೂರುವ ತುದಿ ಕಣ್ಣಿಗೆ ಬೀಳುವುದಿಲ್ಲ, ಹೆಚ್ಚಾಗಿ ಕೆಡುವುದೂ ಅದೇ. 15 ಅಡಿ ಉದ್ದದ, ನಾಲ್ಕಿಂಚಿಗೆ ಎರಡಿಂಚಿನ 60 ಪಕ್ಕಾಸುಗಳನ್ನು ಕಣ್ಣುಮುಚ್ಚಿ ಬದಲಾಯಿಸುವುದಾದರೆ 50 ಘನ ಅಡಿ ಮರ ಬೇಕು. ತಟ್ಟಿ ನೋಡಿದ ಮೇಲೆ 22 ಮಾತ್ರ ಕೆಟ್ಟಿವೆ ಎಂದು ತಿಳಿದರೆ 18 ಘನ ಅಡಿ ಚಿಲ್ಲರೆ ಸಾಕು. ಮರದ ಮಿಲ್ಲಿನಲ್ಲಿ ಇವತ್ತಿನ ದರ ಕೇಳಿ ಬಂದವರಿಗೆ ಆ 32 ಘನ ಅಡಿಯ ಉಳಿತಾಯ ಎಷ್ಟೆಂದು ನಾನು ಹೇಳಬೇಕಾಗಿಲ್ಲ. ಅರ್ಧ ದಿನದ ‘ನೋಟ’ ಎಂದು ನೀವು ಕರೆದದ್ದರ ಒಳಗೆ ಇಷ್ಟೆಲ್ಲ ಇದೆ.

ಎರಡನೆಯವರು 9,000 ಕಡಿಮೆಗೆ ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಅಟ್ಟ ಹತ್ತುವ ಕೆಲಸ ಉಳಿದಿರಲಿಲ್ಲ, ಅಳತೆ ತಪ್ಪಿದರೆ ತಮ್ಮ ಕೈಯಿಂದ ಹೋಗುವ ಹಣದ ಭಯವೂ ಇರಲಿಲ್ಲ. ಪೂರ್ತಿ ವ್ಯತ್ಯಾಸ ಅದರಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಮಜೂರಿಯ ದರದಲ್ಲಿ, ಲಾಭದ ಅಂಶದಲ್ಲಿ ಒಬ್ಬರಿಂದೊಬ್ಬರಿಗೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ ಮತ್ತು ಎರಡು ಮೂರು ಕಡೆ ವಿಚಾರಿಸುವುದು ಮನೆಯವನ ಹಕ್ಕು. ಆದರೆ ವಿಚಾರಿಸುವುದು ಬೇರೆ, ಒಬ್ಬರಿಂದ ಅಳತೆ ಮಾಡಿಸಿ ಆ ಅಳತೆಯನ್ನು ಇನ್ನೊಬ್ಬರ ಕೈಗೆ ಪುಕ್ಕಟೆಯಾಗಿ ಕೊಡುವುದು ಬೇರೆ.

‘ಅಂದಾಜು ಉಚಿತ’ ಎಂದು ಹೇಳುವವರೂ ಇದ್ದಾರಲ್ಲ ಎಂದು ನೀವು ಕೇಳಬಹುದು. ಇದ್ದಾರೆ, ಅದರ ಲೆಕ್ಕವನ್ನೂ ನೋಡೋಣ. ಸುಲಭವಾಗಲೆಂದು ಒಬ್ಬ ಆಚಾರಿಯ ದಿನದ ಮಜೂರಿ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಐದು ಮನೆಗಳಿಗೆ ಅರ್ಧರ್ಧ ದಿನ ಹೋಗಿ ಅಂದಾಜು ಬರೆದುಕೊಟ್ಟು ಅವುಗಳಲ್ಲಿ ಒಂದು ಕೆಲಸ ಕೈಗೆ ಬಂದರೆ, ಎರಡೂವರೆ ದಿನ, ಅಂದರೆ 3,000 ರೂಪಾಯಿ, ಪೆಟ್ರೋಲು ಬಿಟ್ಟು, ಹೋಗಿರುತ್ತದೆ. ಆ ಹಣ ಅವನ ಮನೆಯ ಅಕ್ಕಿ ಡಬ್ಬದಿಂದ ಬರುವುದಿಲ್ಲ, ಕೆಲಸ ಕೊಟ್ಟ ಐದನೆಯವನ ಬಿಲ್ಲಿನಲ್ಲಿ ಯಾವುದೋ ಸಾಲಿನ ಕೆಳಗೆ ಸೇರಿಕೊಳ್ಳುತ್ತದೆ. ಕೇಳಿ ಸುಮ್ಮನಾದ ನಾಲ್ವರ ಖರ್ಚನ್ನು ನಂಬಿ ಕೆಲಸ ಕೊಟ್ಟವನು ಭರಿಸುವ ಈ ಪದ್ಧತಿಗಿಂತ, ಕರೆದವರು ತಮ್ಮ ಪಾಲಿನ 600 ರೂಪಾಯಿಯನ್ನು ಕೊಡುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಮಾಡಿನ ಕೆಲಸದವರಿಗೆ ವರ್ಷದಲ್ಲಿ ದಿನಗಳೂ ಕಡಿಮೆ. ಮೇ ಕೊನೆಯ ವಾರದ ಪತ್ತನಾಜೆ (ತುಳುವರ ಬೇಸ ತಿಂಗಳ ಹತ್ತನೆಯ ದಿನ) ಕಳೆದ ಮೇಲೆ ಹಂಚು ಬಿಚ್ಚಲು ಯಾರೂ ಧೈರ್ಯ ಮಾಡುವುದಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಎಷ್ಟೋ ಆಚಾರಿಗಳು ಕಿಟಕಿ ಬಾಗಿಲಿನ ಸಣ್ಣ ಕೆಲಸಕ್ಕೂ ಕಾದು ಕೂರುತ್ತಾರೆ. ಹಾಗಾಗಿ ಮಾರ್ಚಿನ ಒಂದು ಅರ್ಧ ದಿನಕ್ಕೆ ಜುಲೈಯ ಅರ್ಧ ದಿನಕ್ಕಿಂತ ಹೆಚ್ಚಿನ ತೂಕವಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಆಚಾರಿ ಅಳತೆಗೆ ಹಣ ಕೇಳುತ್ತಿರಲಿಲ್ಲ ಎಂಬ ಮಾತು ನಿಜ. ಆದರೆ ಆಗ ಅವನು ಮನೆಯ ಆಚಾರಿಯಾಗಿದ್ದ. ಬೆಳೆ ಬಂದಾಗ ಅವನ ಪಾಲಿನ ಭತ್ತ ಹೋಗುತ್ತಿತ್ತು, ಹಬ್ಬಕ್ಕೆ ಬಟ್ಟೆ, ತೆಂಗಿನಕಾಯಿ ಇರುತ್ತಿತ್ತು. ಮುಂದಿನ ಕೆಲಸವೂ ಅವನದೇ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆ ಭತ್ತವನ್ನು ನಿಲ್ಲಿಸಿದ ನಾವು ಪುಕ್ಕಟೆ ಅಳತೆಯನ್ನು ಮಾತ್ರ ಸಂಪ್ರದಾಯವೆಂದು ಉಳಿಸಿಕೊಳ್ಳಬೇಕೆನ್ನುತ್ತೇವೆ. ಅಷ್ಟಕ್ಕೂ ನೋಟಕ್ಕೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲದ್ದೇನೂ ಅಲ್ಲ. ಮನೆಗೆ ಸ್ಥಾನ ನೋಡಲು ಬಂದವರಿಗೆ ವೀಳ್ಯದೆಲೆ ಅಡಿಕೆಯ ಮೇಲೆ ದಕ್ಷಿಣೆ ಇಡುತ್ತೇವೆ. ಬಾವಿಗೋ ಬೋರಿಗೋ ಜಲ ನೋಡಿದವರಿಗೆ ಕೇಳಿದಷ್ಟು ಕೊಡುತ್ತೇವೆ, ಆಮೇಲೆ ನೂರಾರು ಅಡಿ ಕೊರೆಸಿ ಬರೇ ಧೂಳು ಬಂದರೂ ಆ ಹಣವನ್ನು ವಾಪಸು ಕೇಳಿದವರನ್ನು ನಾನು ಕಂಡಿಲ್ಲ. ಬ್ಯಾಂಕಿನ ಸಾಲಕ್ಕಾಗಿ ಇಂಜಿನಿಯರರಿಂದ ನಕ್ಷೆ, ಎಸ್ಟಿಮೇಟು ಮಾಡಿಸಿದಾಗಲೂ ಶುಲ್ಕ ಕೊಡುತ್ತೇವೆ. ಉಳಿ ಹಿಡಿದ ಕೈ ಕೇಳಿದಾಗ ಮಾತ್ರ ನಮಗೆ ನೋಕ್ಕುಕೂಲಿಯ ನೆನಪಾಗುತ್ತದೆ.

ನಿಮ್ಮ ಆಚಾರಿಯವರ ಕಡೆಯಿಂದಲೂ ತಪ್ಪಾಗಿದೆ. ಫೋನಿನಲ್ಲಿ ಬರುತ್ತೇನೆಂದು ಒಪ್ಪುವಾಗಲೇ ‘ಅಳತೆ ಮಾಡಿ ಪಟ್ಟಿ ಬರೆದುಕೊಡಲು 600 ರೂಪಾಯಿ, ಕೆಲಸ ಕೊಟ್ಟರೆ ಅದನ್ನು ಕಳೆಯುತ್ತೇನೆ’ ಎಂದು ಹೇಳಿಬಿಟ್ಟಿದ್ದರೆ ನೀವು ಬೇಕು ಅಥವಾ ಬೇಡ ಎನ್ನುತ್ತಿದ್ದಿರಿ. ಹೊರಡುವ ಹೊತ್ತಿಗೆ ಹೇಳಿದರೆ ಎಂಥವರಿಗೂ ಇರುಸುಮುರುಸಾಗುತ್ತದೆ. ಕಾನೂನಿನಲ್ಲಿ ಇದು ಹೇಗೆಂದರೆ, 1872ರ ಭಾರತೀಯ ಕರಾರು ಕಾಯಿದೆಯ 70ನೇ ಕಲಮಿನಂತೆ, ಒಬ್ಬರು ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಇನ್ನೊಬ್ಬರಿಗಾಗಿ ಏನನ್ನಾದರೂ ಮಾಡಿ, ಆ ಇನ್ನೊಬ್ಬರು ಅದರ ಪ್ರಯೋಜನ ಪಡೆದರೆ, ಪರಿಹಾರ ಕೊಡಬೇಕಾಗುತ್ತದೆ. ಅಂದಾಜು ಪುಕ್ಕಟೆ ಕೊಡುವುದು ಊರಿನ ರೂಢಿ ಎಂದು ನೀವು ವಾದಿಸಬಹುದು, ಪಟ್ಟಿಯನ್ನು ಬಳಸಿ ಕೆಲಸ ಮಾಡಿಸಿದ ಮೇಲೆ ಆ ವಾದ ಸ್ವಲ್ಪ ಸೊರಗುತ್ತದೆ. 600 ರೂಪಾಯಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ ಬಿಡಿ. ಇನ್ನೊಂದು ವಿಷಯ ನಿಮಗೆ ಉಪಯೋಗವಾದೀತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಸೇವೆ’ಯ ವ್ಯಾಖ್ಯೆಯಿಂದ ಪುಕ್ಕಟೆಯಾಗಿ ಮಾಡಿಕೊಟ್ಟದ್ದನ್ನು ಹೊರಗಿಟ್ಟಿದ್ದಾರೆ. ಉಚಿತವಾಗಿ ಪಡೆದ ಅಂದಾಜು ತಲೆಕೆಳಗಾದರೆ ನೀವು ಗ್ರಾಹಕ ಆಯೋಗದ ಮುಂದೆ ನಿಂತು ಹೆಚ್ಚೇನೂ ಹೇಳಲಾರಿರಿ. ಹಣ ಕೊಟ್ಟು ಚೀಟಿ ಪಡೆದ ಅಂದಾಜಿಗೆ ಬರೆದವರು ಉತ್ತರ ಹೇಳಬೇಕಾಗುತ್ತದೆ.

ಪೇಟೆಯಲ್ಲಿ ಮುಖ ತಿರುಗಿಸುವ ವಿಷಯಕ್ಕೆ ಪರಿಹಾರ ನಿಮ್ಮ ಕಿಸೆಯಲ್ಲಿದೆ. ಮನೆಗೆ ಹೋಗಿ ಕೊಟ್ಟು ಬನ್ನಿ. ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿದ್ದನ್ನೂ ಹೇಳಿಬಿಡಿ, ಅವರಿಗೆ ಹೇಗೂ ಗೊತ್ತಿರುತ್ತದೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಬೋರಿನ ಪಂಪು ಒಂದು ದಿನ ಸ್ವಿಚ್ಚು ಹಾಕಿದರೆ ನೀರು ಎತ್ತಲಿಲ್ಲ. ಮೆಕ್ಯಾನಿಕ್ ಬಂದು ಹತ್ತೇ ನಿಮಿಷದಲ್ಲಿ ಪ್ಯಾನಲಿನ ಕೆಪಾಸಿಟರ್ ಬದಲಾಯಿಸಿ 700 ರೂಪಾಯಿ ತೆಗೆದುಕೊಂಡರು. ಅಂಗಡಿಯಲ್ಲಿ ವಿಚಾರಿಸಿದರೆ ಕೆಪಾಸಿಟರಿನ ಬೆಲೆ 250. ಹತ್ತು ನಿಮಿಷಕ್ಕೆ 450 ರೂಪಾಯಿ ಮಜೂರಿಯೇ? ನನ್ನ ಯಜಮಾನರು ಹೋಗಲಿ ಬಿಡು ಎನ್ನುತ್ತಾರೆ, ನನಗೆ ಮನಸ್ಸಿಗೆ ಸಮಾಧಾನವಿಲ್ಲ.
— ಗೃಹಿಣಿ, ಮುಳ್ಳೇರಿಯ

ಉತ್ತರ: ಅಮ್ಮಾ, ಆ ದಿನ ಅವರು ಬದಲಾಯಿಸಿದ್ದಕ್ಕಿಂತ ಬದಲಾಯಿಸದೆ ಬಿಟ್ಟದ್ದರ ಕಡೆಗೆ ಸ್ವಲ್ಪ ಗಮನ ಕೊಡಿ. ಬೋರಿನ ಪಂಪು ನೀರು ಎತ್ತದಿರಲು ಹಲವು ಕಾರಣಗಳಿವೆ: ವೋಲ್ಟೇಜು ಇಳಿದಿರಬಹುದು, ಕೇಬಲಿನ ಜೋಡಣೆ ಬಿಟ್ಟಿರಬಹುದು, ಮೋಟಾರಿನ ವೈಂಡಿಂಗು ಸುಟ್ಟಿರಬಹುದು, ಬೋರಿನ ನೀರಿನ ಮಟ್ಟವೇ ಕೆಳಗೆ ಹೋಗಿರಬಹುದು. ಇವುಗಳಲ್ಲಿ ಕೆಲವನ್ನು ತಿಳಿಯಲು ಪೈಪು ಎತ್ತಲೇಬೇಕು. ಪೈಪು ಎತ್ತುವುದೆಂದರೆ ಆಳುಗಳು, ಕಪ್ಪಿ, ಒಂದು ದಿನದ ಕೆಲಸ, ಮತ್ತೆ ಇಳಿಸುವಾಗ ಇನ್ನಷ್ಟು. ಸಿಂಗಲ್ ಫೇಸ್ ಮೋಟಾರು ತಿರುಗಲು ಆರಂಭಿಸುವುದಕ್ಕೆ ಕೆಪಾಸಿಟರಿನ ಸಹಾಯ ಬೇಕು, ಅದು ಸತ್ತರೆ ಮೋಟಾರು ಕರೆಂಟು ಎಳೆಯುತ್ತದೆ, ತಿರುಗುವುದಿಲ್ಲ. ಹಾಗೆಯೇ ಬಿಟ್ಟರೆ ವೈಂಡಿಂಗು ಕಾದು ಸುಡುತ್ತದೆ. ಅದು ಮೇಲಿನ ಪ್ಯಾನಲಿನಲ್ಲಿಯೇ ಇರುವುದರಿಂದ ಮೊದಲು ಅಲ್ಲಿ ಮೀಟರು ಹಿಡಿಯಬೇಕು ಎಂದು ತಿಳಿದವರು ಬಂದದ್ದು ನಿಮ್ಮ ಅದೃಷ್ಟ. ತಿಳಿಯದವರು, ಅಥವಾ ತಿಳಿದೂ ಹೇಳದವರು, ಬಂದಿದ್ದರೆ ‘ಪೈಪು ಎತ್ತಿ ನೋಡಬೇಕು’ ಎನ್ನುತ್ತಿದ್ದರು. ಆಗ ನೀವು ಇಡೀ ದಿನ ನಾಲ್ಕು ಜನ ದುಡಿದದ್ದನ್ನು ಕಣ್ಣಾರೆ ಕಂಡು ಅದರ ಹತ್ತು ಪಾಲು ಹಣವನ್ನು ಸಮಾಧಾನದಿಂದಲೇ ಕೊಡುತ್ತಿದ್ದಿರಿ.

ಸಮಯದ ಲೆಕ್ಕವೂ ಹತ್ತು ನಿಮಿಷದ್ದಲ್ಲ. ಮುಳ್ಳೇರಿಯದ ಒಳದಾರಿಯ ತೋಟಕ್ಕೆ ಬಂದು ಹೋಗುವ ಹೊತ್ತು, ಪೆಟ್ರೋಲು, ನಿಮ್ಮ ಪಂಪಿಗೆ ಹೊಂದುವ ಕೆಪಾಸಿಟರನ್ನು ಮೊದಲೇ ಹಣ ಹಾಕಿ ಚೀಲದಲ್ಲಿ ಇಟ್ಟುಕೊಂಡದ್ದು, ಇವೆಲ್ಲ ಆ 450ರಲ್ಲಿ ಸೇರಿವೆ. ಅದು ದುಬಾರಿ ಎಂದು ನನಗೆ ಅನಿಸುವುದಿಲ್ಲ. ಆದರೆ ಬದಲಾಯಿಸಿದ ಹಳೆಯ ಕೆಪಾಸಿಟರನ್ನು ನಿಮಗೆ ತೋರಿಸಿ, ಬೆಲೆ ಬೇರೆ, ಮಜೂರಿ ಬೇರೆ ಎಂದು ಬರೆದ ಚೀಟಿ ಕೊಟ್ಟಿದ್ದರೆ ನೀವು ಅಂಗಡಿಗೆ ಹೋಗಿ ವಿಚಾರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಮುಂದಿನ ಸಲ ಕೇಳಿ ಪಡೆಯಿರಿ. ಚೀಟಿ ಮಲಯಾಳದಲ್ಲಿದ್ದರೆ ಗಾಬರಿ ಬೇಡ, ಅಂಕೆಗಳನ್ನು ಓದಲು ಬಂದರೆ ಸಾಕು.

ಪ್ರಶ್ನೆ: ನಾನು ಪರ್ಮಿಟ್ ಇರುವ ವಯರ್‌ಮನ್. ನಿಮ್ಮ ಅಂಕಣದಲ್ಲಿ ಹಿಂದೊಮ್ಮೆ ಕೆಲಸಗಾರರ ದರದ ಬಗ್ಗೆ ಬರೆದದ್ದನ್ನು ಓದಿ ಕೇಳುತ್ತಿದ್ದೇನೆ. ಹಳೆಯ ಮನೆಗಳಲ್ಲಿ ಟ್ರಿಪ್ ಆಗುವುದನ್ನು ಹುಡುಕಲು ಅರ್ಧ ದಿನ ಹೋಗುತ್ತದೆ, ಸಾಮಾನು ಏನೂ ಬೇಕಾಗುವುದಿಲ್ಲ, ಮನೆಯವರು ‘ಏನೂ ಹಾಕಲಿಲ್ಲವಲ್ಲ’ ಎಂದು ಚಹಾ ಕೊಟ್ಟು ಕಳುಹಿಸುತ್ತಾರೆ. ಹಣ ಕೇಳಿದರೆ ಮುಂದೆ ಕರೆಯುವುದಿಲ್ಲ. ನೆಂಟರಲ್ಲಿ ಕೇಳಲಂತೂ ನಾಲಗೆ ಏಳುವುದಿಲ್ಲ.
— ಉಪ್ಪಳದಿಂದ ಒಬ್ಬರು

ಉತ್ತರ: ನಿಮ್ಮದು ಕೇಳಿ ಕಲಿತ ಕಸುಬು ಮಾತ್ರವಲ್ಲ, ರಾಜ್ಯದ ವಿದ್ಯುತ್ ಲೈಸೆನ್ಸಿಂಗ್ ಬೋರ್ಡಿನ ಪರ್ಮಿಟ್ ಪಡೆದದ್ದು. ಆ ಪರ್ಮಿಟಿನ ಬೆಲೆಯನ್ನು ನೀವೇ ಚಹಾಕ್ಕೆ ಇಳಿಸಬಾರದು. 30 ಮಿಲಿ ಆಂಪಿಯರ್ ಸೋರಿದರೆ ಬೀಳುವ ಸ್ವಿಚ್ಚು ಮಳೆಗಾಲದಲ್ಲಿ ಪದೇ ಪದೇ ಬೀಳುತ್ತಿದ್ದರೆ, ಸರ್ಕ್ಯೂಟುಗಳನ್ನು ಒಂದೊಂದಾಗಿ ಬಿಡಿಸಿ, ಸೋರುವುದು ಗೀಸರಿನಿಂದಲೋ ತೇವ ಹಿಡಿದ ಗೋಡೆಯ ಬಾಕ್ಸಿನಿಂದಲೋ ಎಂದು ಕಂಡುಹಿಡಿಯುವುದೇ ಕೆಲಸ, ಕಂಡುಹಿಡಿದ ಮೇಲೆ ಉಳಿಯುವುದು ಒಂದು ಸ್ಕ್ರೂ. ಮನೆಯವರ ಕಣ್ಣಿಗೆ ಆ ಸ್ಕ್ರೂ ಮಾತ್ರ ಬೀಳುತ್ತದೆ. ಆದುದರಿಂದ ಹುಡುಕುವಾಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ‘ಇದನ್ನು ಬಿಡಿಸಿದೆ, ಈಗ ಬೀಳಲಿಲ್ಲ, ನೋಡಿ’ ಎಂದು ತೋರಿಸುತ್ತಾ ಹೋಗಿ. ಹಿಂದೆ ನಾನೂ ಹೀಗೆ ಪಟ್ಟಿ ಬರೆಯುವಾಗ ಮನೆಯವರ ಕೈಯಲ್ಲಿಯೇ ಟೇಪಿನ ಒಂದು ತುದಿ ಹಿಡಿಸುತ್ತಿದ್ದೆ. ತುದಿ ಹಿಡಿದವರು ಹಣದ ವಿಷಯಕ್ಕೆ ಹೆಚ್ಚು ತಗಾದೆ ಮಾಡಿದ್ದಿಲ್ಲ.

ಹಣ ಕೇಳಿದ್ದಕ್ಕಿಂತ ಹೆಚ್ಚಾಗಿ ಕೇಳುವ ಹೊತ್ತು ತಪ್ಪಿದ್ದರಿಂದ ಗಿರಾಕಿಗಳು ಹೋಗುತ್ತಾರೆ ಎಂಬುದು ನನ್ನ ಅನುಭವ. ಫೋನಿನಲ್ಲಿಯೇ ಮೂರು ಮಾತು ಹೇಳಿ: ಬಂದು ನೋಡುವುದಕ್ಕೆ ಇಷ್ಟು, ಅದರಲ್ಲಿ ಮೊದಲ ಒಂದು ಗಂಟೆ ಸೇರಿದೆ, ಆಮೇಲೆ ಗಂಟೆಗೆ ಇಷ್ಟು. ದೊಡ್ಡ ಕೆಲಸ ಸಿಕ್ಕಿದರೆ ನೋಡಿದ ಹಣ ಕಳೆಯುತ್ತೀರೋ ಇಲ್ಲವೋ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ. ಹೊಸ ಮನೆಯ ವಯರಿಂಗನ್ನು ನಕ್ಷೆ ನೋಡಿ ಪಾಯಿಂಟ್ ಲೆಕ್ಕದಲ್ಲಿ ಬಾಯಿಮಾತಿನಲ್ಲಿ ಹೇಳುವುದಕ್ಕೆ ಹಣ ತೆಗೆದುಕೊಳ್ಳಬೇಡಿ, ಅದಕ್ಕೆ ಹತ್ತು ನಿಮಿಷ ಸಾಕು, ಅದು ವ್ಯಾಪಾರದ ಮಾತು. ಮನೆಗೆ ಹೋಗಿ, ಬೋರ್ಡು ಬಿಚ್ಚಿ, ಸಾಮಾನಿನ ಹೆಸರು, ಅಳತೆ ಸಮೇತ ಬರೆದುಕೊಡುವುದಿದ್ದರೆ ಮಾತ್ರ ಕೇಳಿ, ಕೇಳಿದ ಮೇಲೆ ಆ ಬರಹ ಅವರದೆಂದು ತಿಳಿಯಿರಿ, ಅವರು ಯಾರಿಗೆ ತೋರಿಸಿದರೂ ಬೇಸರಿಸಬೇಡಿ.

ನೆಂಟರ ವಿಷಯದಲ್ಲಿ ನನಗೆ ಒಂದೇ ಉಪಾಯ ಗೊತ್ತು. ಚೀಟಿಯಲ್ಲಿ ಪೂರ್ತಿ ಮೊತ್ತವನ್ನು ಬರೆಯಿರಿ, ಅದರ ಕೆಳಗೆ ‘ನಮ್ಮವರೆಂದು ಬಿಟ್ಟದ್ದು’ ಎಂದು ಬರೆದು ಕಳೆಯಿರಿ. ಎಷ್ಟು ಬಿಟ್ಟಿದ್ದೀರೆಂದು ಭಾವನವರಿಗೂ ತಿಳಿಯಲಿ.